ಒಂದೇ ಮೂಟೆ, ನಾಲ್ಕು ದಾರಿ: ಹಸಿರು ತಾಮ್ರವನ್ನು ನೊರೆಗೆ ಹತ್ತಿಸಲು ಹೋಗಿ ಕಂಡದ್ದು

ಮೂಟೆ ಬಿಚ್ಚಿ ಟ್ರೇಗೆ ಸುರಿದಾಗ ಎರಡು ಬಣ್ಣ ಕಂಡಿತು. ಕೆಲವು ಕಲ್ಲಿಗೆ ಹಿತ್ತಾಳೆಯ ಹೊಳಪು. ಅದು ಚಾಲ್ಕೊಪೈರೈಟ್. ಕೆಲವಕ್ಕೆ ಪಾಚಿ ಮೆತ್ತಿದ ಹಾಗೆ ಹಸಿರು. ಅದು ಮ್ಯಾಲಕೈಟ್. ಎರಡರಲ್ಲೂ ತಾಮ್ರವೇ ಇರುವುದು. ಒಂದರಲ್ಲಿ ಅದು ಗಂಧಕದ ಜೊತೆ ಸೇರಿದೆ, ಇನ್ನೊಂದರಲ್ಲಿ ಕಾರ್ಬೊನೇಟ್ ಆಗಿ ಕೂತಿದೆ. ಗಣಿಯವರ ಬಾಯಲ್ಲಿ ಮೊದಲನೆಯದು ಸಲ್ಫೈಡ್, ಎರಡನೆಯದು ಆಕ್ಸೈಡ್. ಸರಿಯಾಗಿ ನೋಡಿದರೆ ಮ್ಯಾಲಕೈಟ್ ಆಕ್ಸೈಡ್ ಅಲ್ಲ, ಆದರೆ ಗಂಧಕ ಇಲ್ಲದ ತಾಮ್ರಕ್ಕೆಲ್ಲ ಅವರು ಇಟ್ಟಿರುವುದು ಅದೊಂದೇ ಹೆಸರು.

ನಮ್ಮದು ಪೀಣ್ಯದ ಒಂದು ಅಡ್ಡರಸ್ತೆಯಲ್ಲಿರುವ ಪುಟ್ಟ ಲ್ಯಾಬ್. ಎಡಕ್ಕೆ ಲೇತ್ ಶಾಪ್, ಬಲಕ್ಕೆ ಪೌಡರ್ ಕೋಟಿಂಗ್. ಬರುವುದೆಲ್ಲ ಕಬ್ಬಿಣದ ಅದಿರೇ ಜಾಸ್ತಿ. ತಾಮ್ರ ಅಪರೂಪ. ಚಿತ್ರದುರ್ಗದ ಇಂಗಳದಾಳಿನಲ್ಲಿ ಗಣಿ ನಡೆಯುತ್ತಿದ್ದ ಕಾಲ ಆಗಿದ್ದರೆ ಮಾತು ಬೇರೆ ಇರುತ್ತಿತ್ತೇನೋ. ಈ ಮೂಟೆ ಬಂದದ್ದು ಹೊರರಾಜ್ಯದಿಂದ. ಕಳಿಸಿದವರು ಫೋನಿನಲ್ಲಿ ಹೇಳಿದ್ದು ಇಷ್ಟು: "ಮೇಲ್ಪದರದಲ್ಲಿ ಹಸಿರು ಬರ್ತಿದೆ ಸಾರ್. ನಮ್ಮ ಸೆಲ್‌ನಲ್ಲಿ ಹಿಡೀತಾನೇ ಇಲ್ಲ. ಏನು ಹಾಕಿದ್ರೆ ಹಿಡಿಯುತ್ತೆ?" ಸೆಲ್ ಅಂದರೆ ಅದಿರಿನ ಪುಡಿಯನ್ನು ನೀರಿನಲ್ಲಿ ಕದಡಿ ಗಾಳಿ ಬಿಡುವ ತೊಟ್ಟಿ. ಬೇಕಾದ ಖನಿಜ ಗುಳ್ಳೆಗೆ ಅಂಟಿ ನೊರೆಯಲ್ಲಿ ಮೇಲೆ ಬರಬೇಕು, ಬೇಡದ ಕಲ್ಲು ಕೆಳಗೆ ಉಳಿಯಬೇಕು.

ಮೇಲ್ಪದರದಲ್ಲಿ ಹಸಿರು ಬರುವುದು ಸಹಜ. ಮಳೆನೀರು, ಗಾಳಿ ತಾಗಿ ಗಂಧಕದ ಅದಿರು ನಿಧಾನಕ್ಕೆ ಕರಗಿ ರೂಪ ಬದಲಿಸುತ್ತದೆ. ಆಳಕ್ಕೆ ಹೋದ ಹಾಗೆ ಹಿತ್ತಾಳೆ ಬಣ್ಣ, ಮೇಲೆ ಹಸಿರು. ತೊಂದರೆ ಇರುವುದು ನಡುವಿನ ಪದರದಲ್ಲಿ. ಅಲ್ಲಿ ಎರಡೂ ಕಲಸಿಕೊಂಡಿರುತ್ತವೆ. ನಮ್ಮ ಮೂಟೆ ಅಲ್ಲಿಯದು.

ಮೊದಲು ಅಸ್ಸೇ, ಅಂದರೆ ಅದಿರಿನಲ್ಲಿ ತಾಮ್ರ ಎಷ್ಟಿದೆ ಅನ್ನುವ ಪರೀಕ್ಷೆ. ಒಟ್ಟು ತಾಮ್ರ ಶೇ. 1.5. ಅದರಲ್ಲಿ ತೆಳು ಸಲ್ಫ್ಯೂರಿಕ್ ಆಸಿಡ್‌ಗೆ ಕರಗಿದ್ದು 0.6. ಈ ಎರಡನೇ ಅಂಕಿ ಇಲ್ಲದೆ ಕೆಲಸ ಶುರು ಮಾಡಲೇಬಾರದು. ಚಾಲ್ಕೊಪೈರೈಟ್ ತಣ್ಣನೆಯ ತೆಳು ಆಸಿಡ್‌ಗೆ ಜಗ್ಗುವುದಿಲ್ಲ, ಮ್ಯಾಲಕೈಟ್ ಬುಸುಬುಸು ಕರಗುತ್ತದೆ. ಹಾಗಾಗಿ ಕರಗಿದ್ದು ಆಕ್ಸೈಡ್ ಲೆಕ್ಕಕ್ಕೆ, ಉಳಿದದ್ದು ಸಲ್ಫೈಡ್ ಲೆಕ್ಕಕ್ಕೆ. ಒಂದು ಕಿಲೋ ಪುಡಿಯಲ್ಲಿ 15 ಗ್ರಾಂ ತಾಮ್ರ. 9 ಗ್ರಾಂ ಸಲ್ಫೈಡ್, 6 ಗ್ರಾಂ ಆಕ್ಸೈಡ್. ಮುಂದಿನ ಮಾತೆಲ್ಲ ಈ 15 ಗ್ರಾಂ ಸುತ್ತಲೇ. ಇದು ಒಂದು ಮೂಟೆಯ ಲೆಕ್ಕ, ನಿಮ್ಮ ಅದಿರಿಗೆ ಹೀಗೇ ಬರುತ್ತದೆ ಅಂತ ಅಲ್ಲ.

ಇನ್ನೊಂದು ವಿಷಯ ಮೊದಲೇ ಹೇಳಿಬಿಡುತ್ತೇನೆ: ನೀರು. ನಮಗೆ ಒಂದು ದಿನ ಕಾವೇರಿ ನೀರು, ಇನ್ನೊಂದು ದಿನ ಟ್ಯಾಂಕರ್ ಬೋರ್‌ವೆಲ್ ನೀರು. ಮೊದಲ ವಾರ ಒಂದೇ ಟೆಸ್ಟ್ ಎರಡು ಸಲ ಮಾಡಿ ಎರಡು ಉತ್ತರ ತೆಗೆದು ತಲೆ ಕೆರೆದುಕೊಂಡೆವು. ಆಮೇಲೆ ಕಾವೇರಿ ನೀರನ್ನೇ 200 ಲೀಟರಿನ ಡ್ರಮ್ಮಿಗೆ ತುಂಬಿ, ಎಲ್ಲ ಟೆಸ್ಟನ್ನೂ ಅದರಲ್ಲೇ ಮುಗಿಸಿದೆವು. ಹೋಲಿಕೆ ಮಾಡುವವರು ನೀರನ್ನೂ ಒಂದೇ ಇಟ್ಟುಕೊಳ್ಳಬೇಕು. ಗಡಸು ನೀರಿನ ಕ್ಯಾಲ್ಸಿಯಂ ನೊರೆಯ ಆಟವನ್ನೇ ಕೆಡಿಸಬಲ್ಲದು.

ಮೊದಲ ದಾರಿ: ಬರೀ ಕ್ಸ್ಯಾಂಥೇಟ್

ಇದು ಗಿರಾಕಿಯ ಪ್ಲಾಂಟಿನಲ್ಲಿ ಈಗ ನಡೆಯುತ್ತಿರುವ ದಾರಿ. ಕ್ಸ್ಯಾಂಥೇಟ್ ಒಂದು ಕಲೆಕ್ಟರ್, ಅಂದರೆ ಖನಿಜದ ಮೈಗೆ ಅಂಟಿ ಅದು ಗುಳ್ಳೆ ಹಿಡಿಯುವ ಹಾಗೆ ಮಾಡುವ ರಾಸಾಯನಿಕ. ಒಂದು ಕಿಲೋ ಅದಿರನ್ನು ಬಾಲ್ ಮಿಲ್ಲಿನಲ್ಲಿ ಅರೆದು, ನೂರರಲ್ಲಿ 80 ಭಾಗ 106 ಮೈಕ್ರಾನಿಗಿಂತ ಸಣ್ಣ ಮಾಡಿದೆವು. ಎರಡೂವರೆ ಲೀಟರಿನ ಸೆಲ್ಲಿಗೆ ಹಾಕಿ, ಸುಣ್ಣ ಹಾಕಿ ಪಿಎಚ್ 10ಕ್ಕೆ ತಂದೆವು. ಸುಣ್ಣ ಯಾಕೆ ಅಂದರೆ ಪೈರೈಟ್ (ತಾಮ್ರ ಇಲ್ಲದ, ಕಬ್ಬಿಣ ಗಂಧಕದ ಖನಿಜ) ಮೇಲೆ ಬರಬಾರದು. ಕ್ಸ್ಯಾಂಥೇಟ್ ಶೇ. 1ರ ದ್ರಾವಣ 5 ಎಂಎಲ್. ಒಂದು ಕಿಲೋಗೆ 1 ಎಂಎಲ್ ಅಂದರೆ ಟನ್ನಿಗೆ 10 ಗ್ರಾಂ, ಹಾಗಾಗಿ ಇದು ಟನ್ನಿಗೆ 50 ಗ್ರಾಂ ಲೆಕ್ಕ.

ಕ್ಸ್ಯಾಂಥೇಟ್ ತೇಲಿಸುವ ಕೆಲಸಕ್ಕೆ ಬಂದು ನೂರು ವರ್ಷ ಆಯಿತು, 1925ರ ಸುಮಾರಿಗೆ. ಇವತ್ತಿಗೂ ಸಲ್ಫೈಡಿಗೆ ಅದರಷ್ಟು ಅಗ್ಗದ, ನಂಬಿಕೆಯ ಕಲೆಕ್ಟರ್ ಇಲ್ಲ. ಕೊಳೆತ ಎಲೆಕೋಸಿನ ವಾಸನೆ ಒಂದು ಬಿಟ್ಟರೆ. ದ್ರಾವಣವನ್ನು ಆಯಾ ದಿನವೇ ಮಾಡಿಕೊಳ್ಳಬೇಕು, ಇಟ್ಟಷ್ಟೂ ಅದರ ಶಕ್ತಿ ಕುಂದುತ್ತದೆ.

ಗಾಳಿ ಬಿಟ್ಟ ತಕ್ಷಣ ಕಪ್ಪು ಹಿತ್ತಾಳೆ ಬಣ್ಣದ ನೊರೆ ಎದ್ದು ಬಂತು. ಭಾರವಾದ, ಒಡೆಯದ ಗುಳ್ಳೆಗಳು. ಹತ್ತು ಸೆಕೆಂಡಿಗೊಮ್ಮೆ ಪ್ಯಾಡಲ್‌ನಲ್ಲಿ ಗೀರಿ ತೆಗೆಯುತ್ತಾ ಹೋದೆವು. ನಾಲ್ಕು ನಿಮಿಷಕ್ಕೆ ಗುಳ್ಳೆ ತೆಳ್ಳಗಾಗಿ ಬೆಳ್ಳಗಾಯಿತು, ಪಾತ್ರೆ ತೊಳೆದ ಸೋಪಿನ ನೊರೆಯಂತೆ. ಮುಗಿಯಿತು ಅಂತ ಅರ್ಥ. ಮೆಷಿನ್ ನಿಲ್ಲಿಸಿ ಮಡ್ಡಿ ಇಳಿಯಲು ಬಿಟ್ಟರೆ, ಕೆಳಗೆ ಬಿಳಿ ಮರಳು, ಅದರ ಮೇಲೆ ತೆಳ್ಳಗೆ ಒಂದು ಹಸಿರು ಪದರ.

ತೂಕ: ಕಾನ್ಸೆಂಟ್ರೇಟ್, ಅಂದರೆ ನೊರೆಯಲ್ಲಿ ಬಂದ ಪುಡಿ, 75 ಗ್ರಾಂ, ಅದರಲ್ಲಿ ತಾಮ್ರ ಶೇ. 12. ಅಂದರೆ 9 ಗ್ರಾಂ. ರಿಕವರಿ, ಅಂದರೆ ಒಟ್ಟು ತಾಮ್ರದಲ್ಲಿ ಕೈಗೆ ಸಿಕ್ಕ ಪಾಲು, ಶೇ. 60. ಬಂದದ್ದು ಬಹುತೇಕ ಸಲ್ಫೈಡೇ. ಆಕ್ಸೈಡಿನ 6 ಗ್ರಾಂನಲ್ಲಿ ಒಂದು ಗ್ರಾಂ ಕೂಡ ಬರಲಿಲ್ಲ.

ಕ್ಸ್ಯಾಂಥೇಟ್ ಮ್ಯಾಲಕೈಟನ್ನು ಮುಟ್ಟುವುದೇ ಇಲ್ಲ ಅಂತ ಹೇಳುವವರಿದ್ದಾರೆ. ಹಾಗಲ್ಲ. ಮುಟ್ಟುತ್ತದೆ. ಆದರೆ ಮ್ಯಾಲಕೈಟಿನ ಮೈ ನೀರಿನಲ್ಲಿ ಸ್ವಲ್ಪ ಸ್ವಲ್ಪ ಕರಗುತ್ತಲೇ ಇರುತ್ತದೆ. ಅಂಟಿದ ಪದರ ಹಳೇ ಗೋಡೆಯ ಸುಣ್ಣದ ಹಾಗೆ ಚಕ್ಕೆ ಎದ್ದು ಉದುರುತ್ತದೆ. ಕ್ಸ್ಯಾಂಥೇಟ್ ಎಷ್ಟು ಸುರಿದರೂ ನೀರಿನ ಪಾಲಾಗುತ್ತದೆ. ಗಿರಾಕಿಯ ಪ್ಲಾಂಟಿನಲ್ಲಿ ಹಿಡಿಯದಿದ್ದಕ್ಕೆ ಕಾರಣ ಇದೇ. ಕ್ಸ್ಯಾಂಥೇಟನ್ನು ಎರಡು ಪಟ್ಟು ಮಾಡಿಯೂ ನೋಡಿದೆವು. ದುಡ್ಡು ದಂಡ.

ಎರಡನೇ ದಾರಿ: ಹಸಿರಿಗೆ ಗಂಧಕದ ಅಂಗಿ

ಆಕ್ಸೈಡ್ ಹಿಡಿಯದಿದ್ದರೆ ಅದರ ಮೈಯನ್ನೇ ಸಲ್ಫೈಡ್ ಮಾಡಿಬಿಡುವುದು. ಪಲ್ಪಿಗೆ (ಅದಿರಿನ ಪುಡಿ ನೀರಿನಲ್ಲಿ ಕದಡಿದ ಕೆಸರಿಗೆ) ಸೋಡಿಯಂ ಹೈಡ್ರೊಸಲ್ಫೈಡ್ ಹಾಕಿದರೆ ಮ್ಯಾಲಕೈಟಿನ ಮೇಲೆ ತಾಮ್ರದ ಸಲ್ಫೈಡಿನ ತೆಳು ಪದರ ಕೂರುತ್ತದೆ. ಆಮೇಲೆ ಅದೇ ಹಳೇ ಕ್ಸ್ಯಾಂಥೇಟ್ ಬಂದು ಅದನ್ನೂ ಹಿಡಿಯುತ್ತದೆ. ಜಾಂಬಿಯಾದ ಕನ್‌ಸಾನ್‌ಶಿ ಗಣಿಯಲ್ಲಿ ಮಿಶ್ರ ಅದಿರಿಗೆ ಈ ದಾರಿ ಬಳಸಿದ್ದಾರೆ. ಹೈಡ್ರೊಸಲ್ಫೈಡ್ ಬದಲು ಸೋಡಿಯಂ ಸಲ್ಫೈಡೂ ಆಗುತ್ತದೆ, ಚರ್ಮ ಹದ ಮಾಡುವವರು ಕೂದಲು ತೆಗೆಯಲು ಬಳಸುವ ಅದೇ ಚಕ್ಕೆ. ಆದರೆ ಅದು ಪಿಎಚ್ ಅನ್ನು ವಿಪರೀತ ಏರಿಸುತ್ತದೆ.

ಇಲ್ಲಿ ನಾನು ಎಡವಿದ್ದನ್ನು ಹೇಳಬೇಕು. ಮೊದಲನೇ ಸಲ ಸಲ್ಫೈಡ್ ನೊರೆ ತೆಗೆದಾದ ಮೇಲೆ ಒಂದೂವರೆ ಗ್ರಾಂ ಹೈಡ್ರೊಸಲ್ಫೈಡನ್ನು ಒಂದೇ ಸಲಕ್ಕೆ ಸುರಿದೆ. ಟನ್ನಿಗೆ 1500 ಗ್ರಾಂ ಲೆಕ್ಕ, ಎಲ್ಲೋ ಬರೆದುಕೊಂಡಿದ್ದೆ. ಹಸಿರು ಪಲ್ಪ್ ಕಣ್ಣೆದುರೇ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತು. ಖುಷಿಯಾಯಿತು. ಕ್ಸ್ಯಾಂಥೇಟ್ ಹಾಕಿ ಗಾಳಿ ಬಿಟ್ಟೆ. ನೊರೆ ಬಂತು, ಬೆಳ್ಳಗೆ. ಒಂದು ಕಣವೂ ಇಲ್ಲ. ಖಾಲಿ ಗುಳ್ಳೆ.

ನಮ್ಮ ಹುಡುಗ ಎಲೆಕ್ಟ್ರೋಡ್ ತೋರಿಸಿದ. "ಸಾರ್, ಮೈನಸ್ ಆರುನೂರೈವತ್ತು." ಸಲ್ಫೈಡ್ ಅಳೆಯುವ ಆ ಎಲೆಕ್ಟ್ರೋಡನ್ನು ನಾನು ಸುಮ್ನೆ ಅಲಂಕಾರಕ್ಕೆ ಇಟ್ಟಿದ್ದೆ ಅಂತ ಹೇಳಬಹುದು. ಓದಿಕೆ ಮೈನಸ್ 500 ಮಿಲಿವೋಲ್ಟ್ ಸುತ್ತಮುತ್ತ ಇರಬೇಕು. ಅದಕ್ಕಿಂತ ಕೆಳಗೆ ಹೋದರೆ ನೀರಿನಲ್ಲಿ ಸಲ್ಫೈಡ್ ಮಿಕ್ಕಿದೆ ಅಂತ. ಮಿಕ್ಕಿದ್ದು ಕಣದ ಮೈಗೆ ಮುತ್ತಿಕೊಂಡು ಕ್ಸ್ಯಾಂಥೇಟ್ ಕೂರಲು ಜಾಗವೇ ಬಿಡುವುದಿಲ್ಲ. ಕಡಿಮೆಯಾದರೆ ಪದರ ಕೂರುವುದಿಲ್ಲ, ಜಾಸ್ತಿಯಾದರೆ ಕೂತ ಪದರವೂ ದಂಡ. ಉಪ್ಪಿನ ಹಾಗೆ.

ಗಾಳಿ ಬಿಟ್ಟುಕೊಂಡೇ ಕಾದೆವು. ಗಾಳಿಯ ಆಮ್ಲಜನಕಕ್ಕೆ ಮಿಕ್ಕ ಸಲ್ಫೈಡ್ ಖರ್ಚಾಗುತ್ತಾ ಓದಿಕೆ ನಿಧಾನಕ್ಕೆ ಮೇಲೆ ಬಂತು. ಮೈನಸ್ 600, 500, 400. ಟೀ ಕುಡಿದು ಬರುವಷ್ಟರಲ್ಲಿ ಮೈನಸ್ 300 ದಾಟಿತ್ತು. ನೋಡುತ್ತಿದ್ದ ಹಾಗೇ ಬಿಳಿ ನೊರೆಯ ಅಂಚಿನಲ್ಲಿ ಕಪ್ಪು ಕಾಣಿಸಿತು, ಆಮೇಲೆ ನಡುವೆ, ಆಮೇಲೆ ಇಡೀ ನೊರೆ ಕಪ್ಪು. ಯಾರೂ ಏನೂ ಹಾಕಿರಲಿಲ್ಲ. ಇಪ್ಪತ್ತು ನಿಮಿಷ ಸತ್ತಂತಿದ್ದ ನೊರೆ ತಾನೇ ಎದ್ದು ಕೂತಿತು. ಇಷ್ಟು ವರ್ಷದಲ್ಲಿ ಸೆಲ್ ಮುಂದೆ ನಿಂತು ನಾನು ನೋಡಿದ ಅತಿ ಚಂದದ ದೃಶ್ಯ ಅದು, ತಪ್ಪು ಮಾಡಿದ್ದರಿಂದ ಸಿಕ್ಕಿದ್ದು.

ಮರುದಿನ ಸರಿಯಾಗಿ ಮಾಡಿದೆವು. ಹೈಡ್ರೊಸಲ್ಫೈಡ್ ದ್ರಾವಣವನ್ನು ಬ್ಯುರೆಟ್‌ನಿಂದ ಹನಿಹನಿಯಾಗಿ, ಮೀಟರ್ ಮೇಲೆ ಕಣ್ಣಿಟ್ಟು. ಮೈನಸ್ 500ಕ್ಕೆ ತಂದು ಎರಡು ನಿಮಿಷ ಹಿಡಿದಿಡುವುದು. ಸ್ವಲ್ಪ ಕ್ಸ್ಯಾಂಥೇಟ್. ಎರಡು ನಿಮಿಷ ನೊರೆ. ಓದಿಕೆ ಏರಿದಾಗ ಮತ್ತೆ ಹನಿ. ಹೀಗೆ ನಾಲ್ಕು ಸಲ. ಒಟ್ಟು ಖರ್ಚಾದದ್ದು ಟನ್ನಿಗೆ 900 ಗ್ರಾಂ. ಹಿಂದಿನ ದಿನ ಸುರಿದದ್ದಕ್ಕಿಂತ ಎಷ್ಟೋ ಕಡಿಮೆ.

ಎರಡೂ ನೊರೆ ಸೇರಿ 120 ಗ್ರಾಂ, ಅದರಲ್ಲಿ 12.3 ಗ್ರಾಂ ತಾಮ್ರ. ರಿಕವರಿ ಶೇ. 82. ನೆನಪಿಡಬೇಕಾದ್ದು: ಸಲ್ಫೈಡ್ ಖನಿಜವನ್ನು ಮೊದಲು ತೆಗೆದೇ ಇದಕ್ಕೆ ಕೈ ಹಾಕಬೇಕು. ಮೊದಲೇ ಹಾಕಿದರೆ ಚಾಲ್ಕೊಪೈರೈಟೂ ಕೆಳಗೆ ಮಲಗಿಬಿಡುತ್ತದೆ.

ಇನ್ನು ಇದರ ದೊಡ್ಡ ಕೇಡು. ಮಿಕ್ಕ ದ್ರಾವಣವನ್ನು ಹುಡುಗ ಒಂದು ಬಕೆಟ್ಟಿಗೆ ಸುರಿದ. ತಳದಲ್ಲಿ ಅಸ್ಸೇ ಮಾಡಿದ ಆಸಿಡ್ ಸ್ವಲ್ಪ ಉಳಿದಿತ್ತು. ಕೊಳೆತ ಮೊಟ್ಟೆಯ ವಾಸನೆ ಗಮ್ಮಂತ ಎದ್ದಿತು. ಹೈಡ್ರೋಜನ್ ಸಲ್ಫೈಡ್. ಎಲ್ಲರೂ ರಸ್ತೆಗೆ ಓಡಿದೆವು. ಪಕ್ಕದ ಲೇತ್ ಶಾಪಿನವರು ಬಂದು "ಏನಣ್ಣಾ, ಗ್ಯಾಸ್ ಲೀಕಾ?" ಅಂದರು. ತಮಾಷೆ ಅಲ್ಲ. ಈ ಅನಿಲ ಹೆಚ್ಚಾದಾಗ ಮೂಗು ಮರಗಟ್ಟಿ ವಾಸನೆಯೇ ತಿಳಿಯುವುದಿಲ್ಲ. ವಾಸನೆ ಹೋಯಿತು ಅಂತ ಒಳಗೆ ಹೋದವರು ಹೊರಗೆ ಬಂದಿರುವುದಿಲ್ಲ. ಅಲಾರಂ ಇರುವ ಮೀಟರ್ ಇಲ್ಲದೆ ಈ ಕೆಲಸ ಮಾಡಬೇಡಿ, ಪಿಎಚ್ 9ರ ಕೆಳಗೆ ಇಳಿಯಲೂ ಬಿಡಬೇಡಿ.

ಮೂರನೇ ದಾರಿ: ಹೈಡ್ರಾಕ್ಸಮೇಟ್

ಇದೂ ಒಂದು ಕಲೆಕ್ಟರ್, ದುಬಾರಿ ಅತಿಥಿ. ಕ್ಸ್ಯಾಂಥೇಟಿಗೆ ಹೋಲಿಸಿದರೆ ಬೆಲೆ ಹಲವು ಪಟ್ಟು. ಆದರೆ ಇದಕ್ಕೆ ಗಂಧಕದ ಅಂಗಿ ಬೇಡ, ಎಲೆಕ್ಟ್ರೋಡ್ ಬೇಡ, ಹನಿ ಎಣಿಸುವುದು ಬೇಡ. ಹೈಡ್ರಾಕ್ಸಮೇಟ್ ಅಣು ಏಡಿಯ ಕೊಂಬಿನ ಹಾಗೆ ಎರಡು ಕಡೆಯಿಂದ ತಾಮ್ರವನ್ನು ಹಿಡಿಯುತ್ತದೆ. ನೇರವಾಗಿ ಮ್ಯಾಲಕೈಟನ್ನೇ.

ನಮಗೆ ಬಂದ ಡಬ್ಬದಲ್ಲಿ ಅದು ಮೇಣದಂತೆ ಗಟ್ಟಿ ಇತ್ತು. ಡಿಸೆಂಬರ್ ಬೆಳಿಗ್ಗೆ, ಬೆಂಗಳೂರಿನ ಚಳಿ. ಬಿಸಿನೀರಿನ ಪಾತ್ರೆಯಲ್ಲಿ ಡಬ್ಬ ಕೂರಿಸಿ, ತೆಳು ಪೊಟ್ಯಾಶ್ ಕ್ಷಾರದಲ್ಲಿ ಕದಡಿ ಕರಗಿಸಲು ಅರ್ಧ ಗಂಟೆ ಹಿಡಿಯಿತು. ತಣ್ಣೀರಿಗೆ ನೇರ ಹಾಕಿದರೆ ಬೆಣ್ಣೆ ತೇಲಿದ ಹಾಗೆ ತೇಲುತ್ತದೆ.

ಸುಣ್ಣ ಬಿಟ್ಟು ಸೋಡಾ ಆಷ್‌ನಲ್ಲಿ ಪಿಎಚ್ 9ಕ್ಕೆ ತಂದೆವು. ಕ್ಸ್ಯಾಂಥೇಟ್, ಹೈಡ್ರಾಕ್ಸಮೇಟ್ ಎರಡನ್ನೂ ಒಟ್ಟಿಗೇ ಹಾಕಿದೆವು. ಹೈಡ್ರಾಕ್ಸಮೇಟ್ ಟನ್ನಿಗೆ 300 ಗ್ರಾಂ. ಗಾಳಿ ಬಿಟ್ಟರೆ ಹಿತ್ತಾಳೆ ಬಣ್ಣ, ಹಸಿರು ಎರಡೂ ಒಂದೇ ನೊರೆಯಲ್ಲಿ ಬಂದವು. ಹಸಿರು ಹಸಿರಾಗಿಯೇ. ಏಳು ನಿಮಿಷದಲ್ಲಿ ಕೆಲಸ ಮುಗಿಯಿತು. ಹಿಂದಿನ ದಿನ ನಾಲ್ಕು ಸುತ್ತು ಮೀಟರ್ ಕಾದಿದ್ದ ಹುಡುಗ "ಇದೇ ಚೆನ್ನಾಗಿದೆ ಅಲ್ವಾ ಸಾರ್?" ಅಂದ.

ಅಸ್ಸೇ ಬಂದ ಮೇಲೆ ಅಷ್ಟು ಚೆನ್ನಾಗಿ ಕಾಣಲಿಲ್ಲ. ರಿಕವರಿ ಶೇ. 79, ಅಂದರೆ 11.9 ಗ್ರಾಂ. ಎರಡನೇ ದಾರಿಗಿಂತ ಸ್ವಲ್ಪ ಹಿಂದೆ, ತೊಂದರೆ ಇಲ್ಲ. ಆದರೆ ಕಾನ್ಸೆಂಟ್ರೇಟ್ 140 ಗ್ರಾಂ ಬಂದಿತ್ತು, ತಾಮ್ರ ಶೇ. 8.5 ಮಾತ್ರ. ಜೊತೆಗೆ ಏನೋ ಎದ್ದು ಬಂದಿದೆ. ಸೋಸಿದ ನೀರು ಕುಂಕುಮ ಕದಡಿದ ಹಾಗೆ ಕೆಂಪಗಿತ್ತು. ಆಗ ಗೊತ್ತಾಯಿತು: ಕಬ್ಬಿಣ. ಈ ಏಡಿಗೆ ತಾಮ್ರದಷ್ಟೇ ಕಬ್ಬಿಣವೂ ಇಷ್ಟ, ಹೈಡ್ರಾಕ್ಸಮೇಟ್, ಕಬ್ಬಿಣ ಸೇರಿದರೆ ಬರುವ ಬಣ್ಣ ಅದೇ. ನಮ್ಮ ಅದಿರಿನಲ್ಲಿ ತುಕ್ಕಿನ ಬಣ್ಣದ ಮಣ್ಣು ಧಾರಾಳವಾಗಿತ್ತು. ಅದೂ ಸ್ವಲ್ಪ ತೇಲಿ ಬಂದಿತ್ತು.

ಕಬ್ಬಿಣದ ತುಕ್ಕು ಕಡಿಮೆ ಇರುವ, ಬಿಳಿ ಕಲ್ಲಿನ ಅದಿರಾಗಿದ್ದರೆ ಈ ದಾರಿಗೆ ನಾನು ಇನ್ನೂ ಜಾಸ್ತಿ ಅಂಕ ಕೊಡುತ್ತಿದ್ದೆ.

ಉಳಿದದ್ದು ಯಾಕೆ ಉಳಿಯಿತು

ಎರಡನೇ ದಾರಿ, ಮೂರನೇ ದಾರಿ ಎರಡನ್ನೂ ಒಂದರ ಹಿಂದೆ ಒಂದು ಮಾಡಿ ನೋಡಿದೆವು. 12.5 ಗ್ರಾಂ. ಮುಂದಕ್ಕೆ ಹೋಗಲೇ ಇಲ್ಲ. ಟೈಲಿಂಗ್ಸನ್ನು, ಅಂದರೆ ನೊರೆಗೆ ಬರದೆ ತಳದಲ್ಲಿ ಉಳಿದ ಮಡ್ಡಿಯನ್ನು, ಒಣಗಿಸಿ ಲೆನ್ಸ್ ಕೆಳಗೆ ಇಟ್ಟಾಗ ಅಲ್ಲಲ್ಲಿ ನೀಲಿ ಮಿಶ್ರಿತ ಹಸಿರು ಚೂರು, ಗಾಜಿನ ಬಳೆ ಒಡೆದು ಹಾಕಿದ ಹಾಗೆ. ಕ್ರೈಸೊಕೊಲ್ಲ. ತಾಮ್ರದ ಸಿಲಿಕೇಟ್. ಇದು ನೀರು ಹೀರುವ, ಸ್ಪಂಜಿನಂಥ ಖನಿಜ. ಸಲ್ಫೈಡ್ ಪದರವೂ ನಿಲ್ಲುವುದಿಲ್ಲ, ಹೈಡ್ರಾಕ್ಸಮೇಟಿಗೂ ಸರಿಯಾಗಿ ಸಿಗುವುದಿಲ್ಲ. ಆಸಿಡ್ ಟೆಸ್ಟ್‌ನಲ್ಲಿ ಮಾತ್ರ ಇದೂ ಮ್ಯಾಲಕೈಟಿನ ಜೊತೆ ಸೇರಿ 'ಆಕ್ಸೈಡ್' ಅಂತಲೇ ಲೆಕ್ಕಕ್ಕೆ ಬಂದಿರುತ್ತದೆ. ಆಕ್ಸೈಡ್ 6 ಗ್ರಾಂ ಅಂತ ನಾನು ಬೀಗಿದ್ದರಲ್ಲಿ ಎಷ್ಟು ತೇಲುವಂಥದ್ದು, ಎಷ್ಟು ತೇಲದ್ದು ಅನ್ನುವುದನ್ನು ಮೊದಲೇ ಲೆನ್ಸಿನಲ್ಲಿ ನೋಡಬೇಕಿತ್ತು. ಎರಡು ವಾರದ ಕೆಲಸ ಉಳಿಯುತ್ತಿತ್ತು.

ಮ್ಯಾಲಕೈಟಿನ ಇನ್ನೊಂದು ಚಾಳಿ: ಅದು ಮೆದು. ಅದರ ಗಡಸುತನ 3.5ರಿಂದ 4, ಜೊತೆಗಿರುವ ಬೆಣಚುಕಲ್ಲಿನದು 7. ಬೆಣಚುಕಲ್ಲು ಸಣ್ಣ ಆಗುವಷ್ಟರಲ್ಲಿ ಮ್ಯಾಲಕೈಟ್ ಅರಿಶಿನದ ಪುಡಿಯಾಗಿರುತ್ತದೆ. ಅಷ್ಟು ಸಣ್ಣ ಕಣ ಗುಳ್ಳೆಗೆ ಡಿಕ್ಕಿ ಹೊಡೆಯುವುದೇ ಇಲ್ಲ, ಪಕ್ಕದಲ್ಲಿ ಹರಿದು ಹೋಗುತ್ತದೆ. ಮೊದಲ ದಿನ ಮಡ್ಡಿಯ ಮೇಲೆ ಕಂಡ ಹಸಿರು ಪದರ ಇದೇ.

ನಾಲ್ಕನೇ ದಾರಿ: ಹುಣಸೆಹಣ್ಣು

ನಮ್ಮ ಅಮ್ಮ ತಾಮ್ರದ ಚೊಂಬಿನ ಹಸಿರು ಕಿಲುಬನ್ನು ಹುಣಸೆಹಣ್ಣು, ಉಪ್ಪು ಹಾಕಿ ಉಜ್ಜಿ ತೆಗೆಯುತ್ತಾರೆ. ಕಿಲುಬೂ ಮ್ಯಾಲಕೈಟಿನ ಜಾತಿಯದೇ. ಹುಳಿಗೆ ಕರಗುತ್ತದೆ. ಅದನ್ನೇ ದೊಡ್ಡದಾಗಿ ಮಾಡುವುದು ನಾಲ್ಕನೇ ದಾರಿ: ಸಲ್ಫೈಡನ್ನು ಕ್ಸ್ಯಾಂಥೇಟಿನಲ್ಲಿ ತೇಲಿಸಿ ತೆಗೆದು, ಉಳಿದ ಟೈಲಿಂಗ್ಸನ್ನು ತೆಳು ಸಲ್ಫ್ಯೂರಿಕ್ ಆಸಿಡ್‌ನಲ್ಲಿ ನೆನೆಸುವುದು. ಕ್ರೈಸೊಕೊಲ್ಲವೂ ಇದಕ್ಕೆ ಮಣಿಯುತ್ತದೆ.

ಫಲಿತಾಂಶ ಎಲ್ಲಕ್ಕಿಂತ ಮೇಲು. ಟೈಲಿಂಗ್ಸಿನಿಂದ 4.6 ಗ್ರಾಂ ತಾಮ್ರ ನೀರಿಗೆ ಬಂತು. ನೊರೆಯ 9 ಗ್ರಾಂ ಸೇರಿ 13.6. ಶೇ. 91 ಹತ್ತಿರ. ನೀಲಿ ನೀರನ್ನು ಬೀಕರಿಗೆ ಹಾಕಿ, ಪಕ್ಕದ ಲೇತ್ ಶಾಪಿನಿಂದ ತಂದ ಕಬ್ಬಿಣದ ಸುರುಳಿ ಚೂರನ್ನು ಆಯಿಲ್ ಹೋಗುವ ತನಕ ತೊಳೆದು ಒಳಗೆ ಬಿಟ್ಟೆವು. ಹತ್ತು ನಿಮಿಷಕ್ಕೆ ಚೂರಿನ ಮೇಲೆಲ್ಲ ಕೆಂಪು ತಾಮ್ರ. ಕಬ್ಬಿಣ ನೀರಿಗೆ ಹೋಗುತ್ತದೆ, ತಾಮ್ರ ಹೊರಗೆ ಬರುತ್ತದೆ. ಲೇತ್ ಶಾಪಿನ ಹುಡುಗರನ್ನು ಕರೆದು ತೋರಿಸಿದೆವು. ಅವರಿಗೆ ನಂಬಿಕೆಯೇ ಬರಲಿಲ್ಲ.

ಹಾಗಾದರೆ ಇದೇ ಗೆದ್ದಿತಲ್ಲ? ಆಸಿಡ್ ಲೆಕ್ಕ ನೋಡಿ. ಒಂದು ಕಿಲೋ ತಾಮ್ರವನ್ನು ಮ್ಯಾಲಕೈಟಿನಿಂದ ಕರಗಿಸಲು ಲೆಕ್ಕದ ಪ್ರಕಾರ ಸುಮಾರು 1.54 ಕಿಲೋ ಆಸಿಡ್ ಸಾಕು. ನಮ್ಮ 4.6 ಗ್ರಾಂಗೆ 7 ಗ್ರಾಂ ಸಾಕಿತ್ತು. ಹಿಡಿದದ್ದು 48 ಗ್ರಾಂ. ಉಳಿದ 41 ಗ್ರಾಂ ತಿಂದದ್ದು ಅದಿರಿನಲ್ಲಿದ್ದ ಸುಣ್ಣಕಲ್ಲು. ಒಂದು ಕಿಲೋ ಸುಣ್ಣಕಲ್ಲಿಗೆ ಬರಾಬರಿ 0.98 ಕಿಲೋ ಆಸಿಡ್ ಬೇಕು. ಕಾಂಗೊದ ಡಾಲಮೈಟ್ ಇರುವ ತಾಮ್ರದ ಅದಿರಿಗೂ ಇದೇ ಗೋಳು. ಹಾಗಾಗಿಯೇ ಅಲ್ಲಿ ಆಕ್ಸೈಡನ್ನೂ ತೇಲಿಸುವ ಅಭ್ಯಾಸ ಬೆಳೆದದ್ದು.

ಈ ಅದಿರಿಗೆ, ಈ ಗಿರಾಕಿಗೆ ನಾನು ಬರೆದುಕೊಟ್ಟದ್ದು ಎರಡನೇ ದಾರಿ. ಆಸಿಡ್ ಟ್ಯಾಂಕ್ ಕಟ್ಟುವಷ್ಟು ಲಾಭ ಆ ಸುಣ್ಣಕಲ್ಲು ಬಿಡುವುದಿಲ್ಲ. ಹೈಡ್ರಾಕ್ಸಮೇಟ್ ಕಬ್ಬಿಣ ಎತ್ತಿಕೊಂಡು ಬಂದರೆ ಅದನ್ನು ತೆಗೆಯಲು ಇನ್ನೊಮ್ಮೆ ತೇಲಿಸುವ ಕ್ಲೀನರ್ ಸೆಲ್‌ನಲ್ಲಿ ಮತ್ತೆ ತಾಮ್ರ ಕಳೆಯಬೇಕಾಗುತ್ತದೆ. ಹೈಡ್ರೊಸಲ್ಫೈಡಿಗೆ ಬೇಕಾದ ಸೆಲ್, ಕ್ಸ್ಯಾಂಥೇಟ್ ಎಲ್ಲ ಅವರಲ್ಲಿ ಈಗಾಗಲೇ ಇದೆ. ಬೇಕಾಗಿರುವುದು ಎಲೆಕ್ಟ್ರೋಡ್, ಗ್ಯಾಸ್ ಅಲಾರಂ, ಅದರ ಮುಂದೆ ನಿಲ್ಲುವ ಒಬ್ಬ ಮನುಷ್ಯ. ಆ ಮನುಷ್ಯ ಸಿಗದಿದ್ದರೆ ಮಾತ್ರ ಹೈಡ್ರಾಕ್ಸಮೇಟ್ ಅಂತ ಬರೆದೆ. ಗ್ರೇಡ್ (ಕಾನ್ಸೆಂಟ್ರೇಟಿನಲ್ಲಿ ತಾಮ್ರದ ಪಾಲು) ಕೆಟ್ಟರೂ ಅದು ನೊರೆಯನ್ನು ಸಾಯಿಸುವುದಿಲ್ಲ.

ರಿಪೋರ್ಟ್ ಓದಿ ಗಿರಾಕಿ ಫೋನ್ ಮಾಡಿದರು. "ರಾತ್ರಿ ಪಾಳಿಗೂ ಮೀಟರ್ ನೋಡೋಕೆ ಒಬ್ಬ ಬೇಕಾ ಸಾರ್?"

"ರಾತ್ರಿ ಪಾಳಿಗೇ ಬೇಕು," ಅಂದೆ.

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಇನ್ನೊಂದು ಮೂಟೆ ಕಳಿಸುತ್ತೇನೆ ಅಂದರು, ಗಣಿಯ ಬೇರೆ ಬೆಂಚಿನದು (ಮೆಟ್ಟಿಲಿನದು). ನಿನ್ನೆ ಬಂದಿದೆ. ಹುಡುಗ ಆಗಲೇ ಲೆನ್ಸ್ ಹಿಡಿದು ಕೂತಿದ್ದಾನೆ, ನೀಲಿ ಚೂರು ಎಣಿಸಲು.